ಟೈರಿನ ಹೆಪ್ಪು

ರಂಗಲಕ್ಷ್ಮಿಯ ಕೈಯಲ್ಲಿ ಹೆಪ್ಪು ಕೆಡುವುದಿಲ್ಲ ಎಂಬುದು ಎರೆಕಟ್ಟೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು. ಚಳಿಗಾಲದಲ್ಲಿ ಊರಿನ ಅರ್ಧ ಮನೆಗಳ ಹಾಲು ಮೊಸರಾಗದೆ ನೀರುನೀರಾಗಿ ನಿಂತಾಗಲೂ ಅವಳ ಗಡಿಗೆಯ ಮೊಸರು ಚಾಕು ಹಾಕಿ ಕುಯ್ಯುವ ಹಾಗಿರುತ್ತಿತ್ತು. ಗುಜರಿ ಫ್ಯಾಕ್ಟರಿಯವರು ಅವಳನ್ನು ಕೆಲಸಕ್ಕೆ ತೆಗೆದುಕೊಂಡಾಗ ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ತೆಗೆದುಕೊಳ್ಳುತ್ತಿರಲಿಲ್ಲ.

ಹದಿನೈದು ವರ್ಷ ತುಂಬಿದ ಗಾಡಿಯನ್ನು ಒಡೆಯಲೇಬೇಕು ಎಂಬ ಕಾನೂನು ಬಿಗಿಯಾದ ಮೇಲೆ ಶಿರಾದ ಈಚೆ ಹೆದ್ದಾರಿಯ ಪಕ್ಕ ಎದ್ದ ಫ್ಯಾಕ್ಟರಿ ಅದು. ಕಾರು, ಲಾರಿ, ಬಸ್ಸು ಎಲ್ಲ ಕೊನೆಗೆ ಅಲ್ಲಿಗೇ ಬರುತ್ತಿದ್ದವು. ಕಬ್ಬಿಣ ಕಬ್ಬಿಣದ ದಾರಿ ಹಿಡಿಯುತ್ತಿತ್ತು, ತಾಮ್ರ ತಾಮ್ರದ ದಾರಿ. ಗಾಜು ಪುಡಿಯಾಗಿ ರಸ್ತೆಗೆ ಹೋಗುತ್ತಿತ್ತು, ಸೀಟಿನ ಸ್ಪಂಜನ್ನು ಒತ್ತಿ ಹಲಗೆ ಮಾಡುತ್ತಿದ್ದರು. ದಾರಿ ಕಾಣದೆ ಉಳಿಯುತ್ತಿದ್ದುದು ಟೈರು ಮಾತ್ರ. ಸುಟ್ಟರೆ ಕರಿಹೊಗೆ, ಹೂತರೆ ನೂರು ವರ್ಷ ಕೊಳೆಯದು. ಹಾಗಾಗಿ ಫ್ಯಾಕ್ಟರಿಯ ಹಿಂಭಾಗದಲ್ಲಿ ಮನೆಯೆತ್ತರದ ಹನ್ನೆರಡು ಸ್ಟೀಲ್ ತೊಟ್ಟಿಗಳನ್ನಿಟ್ಟು, ಅವುಗಳಲ್ಲಿ ಟೈರು ತಿನ್ನುವ ಜೀವಿಯೊಂದನ್ನು ಸಾಕಿದ್ದರು.

ಅದನ್ನು ಸಾಕಿದವರು ಡಾಕ್ಟರ್ ಮೆಹರುನ್ನೀಸಾ, ಶಿವಮೊಗ್ಗದ ಕಡೆಯವರು. ಲ್ಯಾಬು ಅವರದು. ಎಲ್ಲರಿಗೂ ಮೆಹರ್ ಮೇಡಂ. ಮೊದಲ ದಿನವೇ ಅವರು ರಂಗಲಕ್ಷ್ಮಿಯ ರವಿಕೆಯ ತೋಳು ಹಿಡಿದು ಹೊಲಿಗೆ ತೋರಿಸಿದ್ದರು.

"ನೋಡಿ, ಇದು ಬರೀ ಬಟ್ಟೆ ತುಂಡು. ಹೊಲಿಗೆ ಬಿದ್ದರೆ ರವಿಕೆ. ರಬ್ಬರ್ ಮರದ ಹಾಲೂ ಹಾಗೇ. ಮೆತ್ತಗಿರುತ್ತೆ, ಅಂಟುತ್ತೆ. ಗಂಧಕ ಹಾಕಿ ಬೇಯಿಸಿದರೆ ಅದರ ಎಳೆ ಎಳೆಗೂ ಹೊಲಿಗೆ ಬೀಳುತ್ತೆ. ಆಗ ಅದು ಟೈರು. ನಮ್ಮ ತೊಟ್ಟೀಲಿರೋದು ಆ ಹೊಲಿಗೆ ಬಿಚ್ಚುತ್ತೆ, ಅಷ್ಟೇ. ಬಟ್ಟೆ ಹರಿಯಲ್ಲ. ಅದನ್ನೇ ಮತ್ತೆ ಬೇಯಿಸಿ ಹೊಸ ಟೈರು ಮಾಡಬಹುದು."

"ದರ್ಜಿ ಕೆಲಸ ಉಲ್ಟಾ ಅನ್ನಿ," ಎಂದಳು ರಂಗಲಕ್ಷ್ಮಿ.

ಮೇಡಂ ನಕ್ಕರು. ಅವಳ ಕೆಲಸ ಸುಲಭದ್ದು. ಒಂದು ತೊಟ್ಟಿಯ ಟೈರಿನ ಪುಡಿ ಕರಗಿ ಜೇನಿನಂಥ ಹಸಿ ರಬ್ಬರಾದ ಮೇಲೆ, ಅದರೊಳಗಿಂದ ಒಂದು ಜಗ್ ತೆಗೆದು ಮುಂದಿನ ತೊಟ್ಟಿಗೆ ಹಾಕಬೇಕು. ಬೆಚ್ಚಗಿದೆಯೇ ಎಂದು ನೋಡುತ್ತಿರಬೇಕು. ಇದನ್ನು ಕಂಡ ಹೆಂಗಸರು ಮೊದಲ ವಾರದಲ್ಲೇ ಅದಕ್ಕೆ ಹೆಪ್ಪು ಎಂದು ಹೆಸರಿಟ್ಟರು. ಆಮೇಲೆ ಇಂಜಿನಿಯರುಗಳೂ ಹಾಗೇ ಕರೆದರು.

"ಇದು ಆಚೆ ಹೋದ್ರೆ ಮೇಡಂ?"

"ಸಾಯುತ್ತೆ. ಅದಕ್ಕೆ ಬೇಕಾದ ಒಂದು ಸತ್ವಾನ ಅದು ತಾನೇ ಮಾಡಿಕೊಳ್ಳಲಾರದ ಹಾಗೆ ಮಾಡಿದೀವಿ. ನಾವೇ ಬಾಟಲಿಯಿಂದ ಹಾಕಬೇಕು. ಮೂರು ದಿನ ಹಾಕದಿದ್ರೆ ಮುಗೀತು."

"ಪಾಪ," ಎಂದಳು ರಂಗಲಕ್ಷ್ಮಿ.

ಎರೆಕಟ್ಟೆಯಲ್ಲಿ ಅವಳ ಎದುರು ಮನೆ ಬೋರಮ್ಮನದು. ಬೋರಮ್ಮನ ಹಿತ್ತಿಲಿಗೆ ಹೊಂದಿಕೊಂಡ ಗೋಮಾಳದಲ್ಲಿ ಟೈರಿನ ಗುಡ್ಡವೊಂದಿತ್ತು. ತೊಟ್ಟಿಗಳು ಸಿದ್ಧವಾಗುವ ತನಕ ಎಂದು ಫ್ಯಾಕ್ಟರಿಯ ಗುತ್ತಿಗೆದಾರ ತಂದು ಸುರಿದದ್ದು. ತೊಟ್ಟಿಗಳು ಸಿದ್ಧವಾದವು, ಹೊಸ ಟೈರುಗಳು ನೇರ ಅಲ್ಲಿಗೇ ಹೋದವು, ಗುಡ್ಡ ಇದ್ದಲ್ಲೇ ಉಳಿಯಿತು. ಮಳೆ ಬಂದರೆ ಒಂದೊಂದು ಟೈರಿನ ಹೊಟ್ಟೆಯಲ್ಲೂ ಒಂದು ಚೊಂಬು ನೀರು. ಆ ನೀರಲ್ಲಿ ಸೊಳ್ಳೆ. ಹಿಂದಿನ ಕಾರ್ತೀಕದಲ್ಲಿ ಬೋರಮ್ಮನ ಮೊಮ್ಮಗಳು, ಆರು ವರ್ಷದ್ದು, ಜ್ವರ ಬಂದ ಐದನೇ ದಿನಕ್ಕೆ ಹೋಗಿಬಿಟ್ಟಿತ್ತು. ಬೋರಮ್ಮ ಪಂಚಾಯ್ತಿಗೆ ಹೋದಳು, ಫ್ಯಾಕ್ಟರಿಯ ಗೇಟಿಗೆ ಹೋದಳು. ಎಲ್ಲರೂ ಅರ್ಜಿ ಇಸಿದುಕೊಂಡರು.

ಅವಳ ಗಂಡ ಜುಂಜಣ್ಣ ಮೂವತ್ತು ವರ್ಷ ಲಾರಿ ಓಡಿಸಿದವನು. ಈಗ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಊರಿನ ನಾಗಲಿಂಗನ ಆಟೋದಲ್ಲಿ ಹದಿನೆಂಟು ಕಿಲೋಮೀಟರು ಹೋಗಿ ಶಿರಾದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಮುಖ ಊದುತ್ತಿತ್ತು, ಎರಡು ತಪ್ಪಿದರೆ ಉಸಿರಾಟ ಕಷ್ಟ. ಆದರೂ ಜಗಲಿಯ ಮೇಲೆ ಕೂತು ಆಡುವ ಮಾತಿಗೇನೂ ಕಮ್ಮಿಯಿರಲಿಲ್ಲ.

"ಮೂವತ್ತು ವರ್ಷ ನಾನು ಟೈರು ಸವೆಸ್ದೆ ಕಣಮ್ಮ ನಾದಿನಿ. ಈಗ ಹಿತ್ತಿಲಲ್ಲಿ ಕೂತು ಅವು ನನ್ನ ಸವೆಸ್ತಾ ಅವೆ," ಎನ್ನುತ್ತಿದ್ದ ರಂಗಲಕ್ಷ್ಮಿಯನ್ನು ಕಂಡಾಗೆಲ್ಲ.

ಒಂದು ಮಧ್ಯಾಹ್ನ ಬೋರಮ್ಮ ಬಟ್ಟಲು ಹಿಡಿದು ಬಂದಳು. ಹೆಪ್ಪು ಕೇಳಲು ಬಂದಿದ್ದಾಳೆಂದು ರಂಗಲಕ್ಷ್ಮಿ ಮೊಸರಿನ ಗಡಿಗೆಗೆ ಕೈ ಹಾಕಿದಳು.

"ಈ ಹೆಪ್ಪಲ್ಲ ಕಣೆ. ನಿಮ್ಮ ಫ್ಯಾಕ್ಟ್ರೀಲಿ ಟೈರು ಕರಗಿಸೋದು ಐತಂತಲ್ಲ, ಅದು."

"ಅಕ್ಕ, ಅದನ್ನ ಆಚೆ ತರಂಗಿಲ್ಲ."

"ಹೆಪ್ಪು ಕೇಳಿದ್ರೆ ಇಲ್ಲ ಅಂತೀಯಾ?"

ಬೋರಮ್ಮ ದನಿ ಏರಿಸಲಿಲ್ಲ. ಏರಿಸಬೇಕಾದ ಅಗತ್ಯವೂ ಇರಲಿಲ್ಲ. ರಂಗಲಕ್ಷ್ಮಿ ಮದುವೆಯಾಗಿ ಈ ಊರಿಗೆ ಬಂದ ಮಾರನೇ ದಿನ ಅವಳ ಹಾಲಿಗೆ ಮೊದಲ ಹೆಪ್ಪು ಕೊಟ್ಟದ್ದು ಬೋರಮ್ಮ. ಅದೇ ಹೆಪ್ಪು ಇಪ್ಪತ್ತಮೂರು ವರ್ಷದಿಂದ ಈ ಗಡಿಗೆಯಿಂದ ಆ ಗಡಿಗೆಗೆ, ಈ ಮನೆಯಿಂದ ಆ ಮನೆಗೆ ನಡೆದು ಬಂದಿತ್ತು. ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ ಎಂಬುದು ಬಿಟ್ಟರೆ, ಹೆಪ್ಪು ಕೇಳಿಬಂದವರನ್ನು ಬರಿಗೈಲಿ ಕಳಿಸಿದ ಮನೆ ಆ ಬೀದಿಯಲ್ಲಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಮುಖ ಆ ಕಡೆ ಮಾಡಿಕೊಂಡಾದರೂ ಕೊಡುತ್ತಿದ್ದರು.

ಹೇಗೂ ಮೂರು ದಿನಕ್ಕೆ ಸಾಯುವಂಥದ್ದು ಎಂದುಕೊಂಡಳು ರಂಗಲಕ್ಷ್ಮಿ. ಮರುದಿನ ಊಟದ ಡಬ್ಬಿಯ ಕೆಳಖಾನೆಯಲ್ಲಿ ಒಂದು ಲೋಟದಷ್ಟು ತಂದಳು.

ಸತ್ತೇ ಹೋಯಿತು. ನಾಲ್ಕನೇ ದಿನ ಬೋರಮ್ಮ ಬಂದು ಬಾಗಿಲಲ್ಲಿ ನಿಂತಳು.

"ನಿನ್ನ ಹೆಪ್ಪು ಒಂದು ಟೈರು ಮೆತ್ತಗೆ ಮಾಡಿ ಮಲಗಿಬಿಡ್ತು ಕಣೆ. ಕೈಗುಣ ಕೈಗುಣ ಅಂತ ಊರೆಲ್ಲ ಹೊಗಳ್ತಾರೆ."

ತಮಾಷೆಗೆ ಆಡಿದ ಮಾತು. ಆದರೆ ರಂಗಲಕ್ಷ್ಮಿಗೆ ಎಲ್ಲೋ ಚುಚ್ಚಿತು. ತನ್ನ ಕೈಯಿಂದ ಹೋದ ಹೆಪ್ಪು ಸತ್ತಿತು ಎಂದು ಯಾರೂ ಯಾವತ್ತೂ ಅಂದಿರಲಿಲ್ಲ. ಮಾರನೇ ದಿನ ಇನ್ನೊಂದು ಲೋಟ ತಂದಳು. ಸೊರಗಿದ ಮೊಸರನ್ನು ಹೇಗೆ ಎಬ್ಬಿಸುತ್ತಿದ್ದಳೋ ಹಾಗೇ ಮಾಡಿದಳು. ಹುಳಿ ಬಂದ ರಾಗಿ ಅಂಬಲಿಯ ತಿಳಿ ಬಸಿದು ಅದಕ್ಕೆ ಬೆರೆಸಿದಳು, ಎರಡು ಚಮಚ ಮಜ್ಜಿಗೆ ಹಾಕಿದಳು, ಮಣ್ಣಿನ ಕುಡಿಕೆಗೆ ಸುರಿದು ಒಲೆಯ ಬೂದಿಯ ಬಿಸುಪಿನಲ್ಲಿಟ್ಟಳು. ಎರಡನೇ ದಿನ ಸತ್ತಂತಾಯಿತು. ಮತ್ತಷ್ಟು ತಿಳಿ ಕುಡಿಸಿದಳು. ಹೀಗೇ ಹನ್ನೊಂದು ದಿನ. ಹನ್ನೆರಡನೇ ಬೆಳಿಗ್ಗೆ ಕುಡಿಕೆಯ ಮೇಲೆ ಸಣ್ಣ ನೊರೆ ಎದ್ದಿತ್ತು, ಮೂಗಿಗೆ ಹುಳಿ ವಾಸನೆ ಬಂತು. ಅದರಲ್ಲಿ ಹಳೇ ಟ್ಯೂಬಿನ ಚೂರೊಂದನ್ನು ಅದ್ದಿಟ್ಟಳು. ಸಂಜೆಗೆ ಅದು ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು.

ಬಾಟಲಿಯ ಸತ್ವವಿಲ್ಲದೆ ಬದುಕಿತ್ತು. ಅವಳಿಗಾದ ಸಂತೋಷ ಇಷ್ಟೆಂದು ಹೇಳಲಾಗದು.

ಟೈರಿನ ಗುಡ್ಡ ಒಂದು ತಿಂಗಳಲ್ಲಿ ಇಳಿಯಿತು. ದಿನವೂ ಬೋರಮ್ಮ ಆ ಹೆಪ್ಪನ್ನು ಅಂಬಲಿ ತಿಳಿಯ ಜೊತೆ ಚಿಮುಕಿಸುತ್ತಿದ್ದಳು. ಟೈರುಗಳು ಮೊದಲು ಬಾಗಿದವು, ಆಮೇಲೆ ಒಂದರ ಮೇಲೊಂದು ಕುಸಿದು ಕರಿ ಅಂಟಾಗಿ ಹರಿದು ಗೋಮಾಳದಲ್ಲಿ ಕೆರೆಯ ಹಾಗೆ ನಿಂತವು. ಒಳಗಿನ ತಂತಿಗಳು ಮೀನಿನ ಮುಳ್ಳುಗಳಂತೆ ಹೊರಬಂದವು. ಆ ವರ್ಷ ಮಳೆ ಬಂದಾಗ ಸೊಳ್ಳೆ ಏಳಲಿಲ್ಲ. ಬೋರಮ್ಮ ಹಿತ್ತಿಲ ಬಾಗಿಲು ತೆಗೆದಿಟ್ಟು ಕೂರುವಂತಾಯಿತು. ಮೊಮ್ಮಗಳ ಲಂಗವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಆ ಬಯಲು ನೋಡುತ್ತ ಕೂರುತ್ತಿದ್ದಳು.

"ಒಂದು ವರ್ಷ ಮೊದಲೇ ತಂದುಕೊಟ್ಟಿದ್ರೆ, ರಂಗೀ," ಎಂದಳು ಒಂದು ದಿನ. ಆಪಾದನೆಯಾಗಿ ಅಲ್ಲ.

ಸುದ್ದಿ ಕೇಳಿ ಪಕ್ಕದ ಹಳ್ಳಿಗಳವರು ಬಂದರು. ಅಲ್ಲೆಲ್ಲ ಇಂಥವೇ ಗುಡ್ಡಗಳಿದ್ದವು. ಬಟ್ಟಲು ತಂದವರಿಗೆ ಬೋರಮ್ಮ ಇಲ್ಲವೆನ್ನಲಿಲ್ಲ. ಅವರೂ ತಮ್ಮನ್ನು ಕೇಳಿದವರಿಗೆ ಇಲ್ಲವೆನ್ನಲಿಲ್ಲ.

ಮೊದಲು ಕೆಟ್ಟದ್ದು ಕುಕ್ಕರ್. ಒಂದು ಬೆಳಿಗ್ಗೆ ರಂಗಲಕ್ಷ್ಮಿಯ ಕುಕ್ಕರು ಸೀಟಿ ಹೊಡೆಯದೆ ಸುತ್ತಲೂ ಹಬೆ ಬಿಟ್ಟಿತು. ಮುಚ್ಚಳ ತೆಗೆದರೆ ಒಳಗಿನ ರಬ್ಬರು ಹಿಟ್ಟಿನ ಹಾಗೆ ಬೇಳೆಯ ಮೇಲೆ ಇಳಿದಿತ್ತು. ಮಾರನೇ ದಿನ ಅವಳ ಗಂಡ ಈರಲಿಂಗ ಜಗಲಿಯಿಂದ ಇಳಿದು ಹವಾಯಿ ಚಪ್ಪಲಿ ಮೆಟ್ಟಿದರೆ ಕಾಲು ಎತ್ತಲಾಗಲಿಲ್ಲ.

"ಏನೇ ಇದು, ಹಲಸಿನ ಮೇಣ ತುಳಿದಂಗೈತೆ," ಎಂದ.

ರಂಗಲಕ್ಷ್ಮಿ ನಗಲಿಲ್ಲ. ನಿಂತಲ್ಲೇ ಬೀದಿಯುದ್ದಕ್ಕೂ ನೋಡಿದಳು. ನಾಗಲಿಂಗ ಆಟೋದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಮೂರು ಚಕ್ರಗಳೂ ರಿಮ್ಮಿನ ಮೇಲೆ ನಿಂತಿದ್ದವು, ಟೈರು ನೆಲಕ್ಕೆ ಹರಡಿತ್ತು. ಜುಂಜಣ್ಣ ಒಳಗೆ ಸೀಟಿನ ಮೇಲೆ ಚೀಲ ಹಿಡಿದು ಕೂತಿದ್ದ. ಅವತ್ತು ಸೋಮವಾರ.

ಅವಳು ಕುಕ್ಕರಿನ ರಬ್ಬರನ್ನು ಸ್ಟೀಲು ಡಬ್ಬಿಗೆ ಹಾಕಿಕೊಂಡು ಫ್ಯಾಕ್ಟರಿಗೆ ನಡೆದೇ ಹೋದಳು.

ಮೆಹರ್ ಮೇಡಂ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಕಣ್ಣು ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಅವಳನ್ನೂ ಕರೆದು ತೋರಿಸಿದರು. ಕಡ್ಡಿಯಂಥವು ಕೆಲವು, ಮಣಿಸರದಂಥವು ಕೆಲವು, ಒಂದಕ್ಕೊಂದು ಅಂಟಿಕೊಂಡು ಅಲುಗುತ್ತಿದ್ದವು.

"ಕಡ್ಡಿ ನಮ್ಮದು. ಈ ಮಣಿಗಳು ನಮ್ಮವಲ್ಲ. ಯಾವುದಿದು?"

"ಮೊಸರಿಂದು ಇರಬೇಕು ಮೇಡಂ."

ಎಲ್ಲವನ್ನೂ ಹೇಳಿದಳು. ಡಬ್ಬಿಯ ಕೆಳಖಾನೆ, ಸತ್ತ ಮೊದಲ ಲೋಟ, ಬೂದಿಯ ಬಿಸುಪು, ಹನ್ನೊಂದು ದಿನ.

"ಅಂಬಲಿ," ಎಂದರು ಮೇಡಂ ಕೊನೆಗೆ. "ನಾವು ಹದಿನಾಲ್ಕು ತಿಂಗಳು ಪರೀಕ್ಷೆ ಮಾಡಿದ್ವಿ, ರಂಗಲಕ್ಷ್ಮಿಯವರೇ. ಮಣ್ಣಲ್ಲಿ ಬದುಕುತ್ತಾ, ಚರಂಡಿ ನೀರಲ್ಲಿ, ಸಗಣೀಲಿ, ಸಮುದ್ರದ ಉಪ್ಪಲ್ಲಿ. ಎಲ್ಲ ಕಡೆ ಸತ್ತಿತ್ತು. ಅಂಬಲಿ ನಮಗೆ ನೆನಪಾಗಲಿಲ್ಲ. ನಾನೂ ಚಿಕ್ಕವಳಿದ್ದಾಗ ಕುಡಿದಿದೀನಿ."

"ಈಗ ಸಾಯಿಸಾಕಾಗಲ್ವಾ?"

"ಕಡ್ಡಿಗೆ ಬೇಕಾದ ಸತ್ವ ಈ ಮೊಸರಿನ ಜೀವಿ ಮಾಡಿಕೊಡ್ತಿದೆ. ಈ ಮಣಿಗೆ ಹುಳಿ ಜಾಸ್ತಿಯಾದ್ರೆ ಕಡ್ಡಿ ಗಂಧಕ ಬಿಟ್ಟು ಕಾಪಾಡ್ತಿದೆ. ಒಂದನ್ನೊಂದು ಸಾಕ್ತಿವೆ. ಒಂದನ್ನ ಮಾತ್ರ ಕೊಲ್ಲೋಕಾಗಲ್ಲ." ಆಮೇಲೆ ಕೇಳಿದರು, "ನೀವು ಎಷ್ಟು ಜನಕ್ಕೆ ಕೊಟ್ರಿ?"

"ಒಬ್ಬರಿಗೇ ಮೇಡಂ."

"ಅವರು?"

"ಕೇಳಿದವರಿಗೆಲ್ಲ."

ಮೇಡಂ ಫೋನ್ ಎತ್ತಿಕೊಂಡು ಯಾರಿಗೋ ಮಾಡಲು ಹೋದರು, ಇಟ್ಟುಬಿಟ್ಟರು. ರಂಗಲಕ್ಷ್ಮಿ ಲೋಟದಲ್ಲಿ ನೀರು ತಂದುಕೊಟ್ಟಳು.

"ಗುರುವಾರ ನಮ್ಮ ಎದುರುಮನೆ ಭಾವನ್ನ ಶಿರಾಕ್ಕೆ ಕರಕೊಂಡು ಹೋಗಬೇಕು ಮೇಡಂ. ಇವತ್ತಿಂದು ತಪ್ಪಿಹೋತು," ಎಂದಳು.

ಆ ಸಂಜೆಯೇ ಬಂದೋಬಸ್ತಾಯಿತು. ನಲವತ್ತೊಂದು ಹಳ್ಳಿಗಳ ಸುತ್ತ ಗೆರೆ ಎಳೆದರು. ಟೈರಿನ ಮೇಲೆ ಕೂತು ಹೆದ್ದಾರಿ ಹಿಡಿದರೆ ಅದು ದೇಶವನ್ನೆಲ್ಲ ಸುತ್ತುತ್ತದೆ ಎಂದು ಟೀವಿಯಲ್ಲಿ ಹೇಳಿದರು. ಒಳಗಿನ ಗಾಡಿ ಹೊರಗಿಲ್ಲ, ಹೊರಗಿನ ಗಾಡಿ ಒಳಗಿಲ್ಲ. ಒಳಗೆ ಓಡುವ ಗಾಡಿಗಳೂ ಅಷ್ಟರಲ್ಲಿ ಉಳಿದಿರಲಿಲ್ಲ. ಟ್ರ್ಯಾಕ್ಟರುಗಳು ಹೊಲದಲ್ಲೇ ಕುಸಿದು ಕೂತವು. ಶಾಲೆಯ ಬಸ್ಸು ಬೇವಿನ ಮರದ ಕೆಳಗೆ ಕರಿ ನೀರಿನಲ್ಲಿ ನಿಂತ ಎಮ್ಮೆಯ ಹಾಗಿತ್ತು. ಮೋಟಾರಿನ ಒಳಗಿನ ರಬ್ಬರು ಹೋಗಿ ಬೋರ್‌ವೆಲ್ ಬಿಸಿಯಾಗಿ ನಿಂತಿತು. ಹೆಂಗಸರು ಕೈಪಂಪಿನ ಮುಂದೆ ಸಾಲು ಹಚ್ಚಿದರೆ, ಎರಡು ದಿನಕ್ಕೆ ಅದರ ವಾಷರೂ ಹೋಯಿತು. ಗ್ಯಾಸಿನ ಪೈಪು ಜೋತುಬಿದ್ದ ಮೇಲೆ ಎಲ್ಲರೂ ಸೌದೆ ಹಿಡಿದರು. ಜನ ಮೊದಲ ಎರಡು ದಿನ ಬೈದಾಡಿದರು, ಆಮೇಲೆ ಬರಿಗಾಲಲ್ಲಿ ನಡೆಯುವುದನ್ನು ಕಲಿತರು.

ಗುರುವಾರ ಬೆಳಿಗ್ಗೆ ಜುಂಜಣ್ಣನ ಮುಖ ಊದಿತ್ತು. ಎತ್ತಿನ ಗಾಡಿ ಎಂದರು ಯಾರೋ. ಊರಿನಲ್ಲಿದ್ದ ಮೂರು ಎತ್ತಿನ ಗಾಡಿಗಳಿಗೂ ಟೈರೇ. ಮರದ ಚಕ್ರ, ಕಬ್ಬಿಣದ ಪಟ್ಟಿಯ ಗಾಡಿ ಯಾರ ಮನೆಯಲ್ಲಿದೆ ಎಂದು ಹುಡುಕಿದರು. ಅಂಥದ್ದು ಇದ್ದುದು ಒಂದೇ, ಹೆದ್ದಾರಿಯ ಹೋಟೆಲಿನ ಮುಂದೆ, ಅಂದಕ್ಕೆ. ಈರಲಿಂಗನ ಅಪ್ಪನೇ ಅದನ್ನು ಅವರಿಗೆ ಕೊಟ್ಟದ್ದು. ಚಕ್ರಕ್ಕೆ ಹಳದಿ ಬಣ್ಣ ಬಳಿದು, ಬುಡಕ್ಕೆ ಸಿಮೆಂಟು ಹಾಕಿ ನಿಲ್ಲಿಸಿದ್ದರು. ಈರಲಿಂಗ ಇನ್ನಿಬ್ಬರನ್ನು ಕರೆದುಕೊಂಡು ಹಾರೆಯಲ್ಲಿ ಸಿಮೆಂಟು ಒಡೆದ. ಹೋಟೆಲಿನವನು ಬಾಗಿಲಲ್ಲಿ ನಿಂತು ನೋಡಿದ, ಬೇಡವೆನ್ನಲಿಲ್ಲ. ಗಾಡಿಯನ್ನು ಎಳೆದು ಹತ್ತು ಮಾರು ಬಂದಿದ್ದರು, ಬಣ್ಣದೊಳಗೆ ಗೆದ್ದಲು ತಿಂದಿದ್ದ ಚಕ್ರದ ನಡುವಿನ ಗುಂಬ ಪುಡಿಯಾಗಿ ಚಕ್ರ ಮಗುಚಿತು.

ಮಂಚದ ಮೇಲೆ ಹೊತ್ತರು. ನಾಲ್ಕು ಜನ ಗಂಡಸರು, ಹಿಂದೆ ಬೋರಮ್ಮ ಮತ್ತು ರಂಗಲಕ್ಷ್ಮಿ. ಗೆರೆಯ ತನಕ ಆರು ಕಿಲೋಮೀಟರು. ಎರೆನೆಲ ಕಾದಿತ್ತು.

"ಹೊತ್ಕಂಡು ಹೋಗೋದು ಯಾವಾಗ ಅಂತ ಗೊತ್ತಿತ್ತು," ಎಂದ ಜುಂಜಣ್ಣ ಏದುಸಿರಿನ ನಡುವೆ. "ಕಣ್ಣು ಬಿಟ್ಕಂಡಿರುವಾಗ್ಲೇ ಅಂತ ಗೊತ್ತಿರಲಿಲ್ಲ."

"ಸುಮ್ಕಿರಿ," ಎಂದಳು ಬೋರಮ್ಮ. "ಮಾತಾಡಿ ಉಸಿರು ಕಳಕೋಬೇಡಿ."

ಗೆರೆಯ ಆಚೆ ಆಂಬುಲೆನ್ಸ್ ನಿಂತಿತ್ತು. ಅದನ್ನು ಕಂಡು ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಹರ್ ಮೇಡಂ ಈಚೆಯೇ, ಗೆರೆಗೆ ಕಟ್ಟಿದ ಹಗ್ಗದ ಪಕ್ಕ ನಿಂತು ಅಧಿಕಾರಿಯೊಬ್ಬನ ಜೊತೆ ವಾದಿಸುತ್ತಿದ್ದರು. ಅವರನ್ನೂ ಹೊರಗೆ ಬಿಟ್ಟಿರಲಿಲ್ಲ. ಅಧಿಕಾರಿ ವಯಸ್ಸಾದ ಮನುಷ್ಯ, ಒರಟನಲ್ಲ. ಮಂಚ ಇಳಿಸುವ ಮೊದಲೇ ಬಂದು ಕೈಮುಗಿದ.

"ನೋಡಮ್ಮ, ಆಂಬುಲೆನ್ಸ್ ನಾನೇ ಕರೆಸಿದ್ದು. ಈಗ ಆಸ್ಪತ್ರೆಯವರು ಒಪ್ತಾ ಇಲ್ಲ. ಆ ರಕ್ತ ತೊಳೆಯೋ ಯಂತ್ರಗಳಲ್ಲೂ ರಬ್ಬರ್ ಇದೆ. ಇವರ ಮೈಮೇಲೆ, ಬಟ್ಟೆ ಮೇಲೆ ಒಂದು ಹನಿ ಇದ್ದು ಅಲ್ಲಿ ಬಿದ್ರೆ, ಅಲ್ಲಿರೋ ಅರವತ್ತು ಜನರ ಯಂತ್ರ ನಿಲ್ಲುತ್ತೆ."

"ಸ್ನಾನ ಮಾಡ್ಸಿ ಕಳಿಸ್ತೀವಿ ಸಾಮಿ."

"ಮೂರು ದಿನ ಇಲ್ಲೇ ಡೇರೆಯಲ್ಲಿಟ್ಟು, ಮೂರು ಸಲ ಪರೀಕ್ಷೆ ಮಾಡಿ, ಆಮೇಲೆ."

"ಮೂರು ದಿನ ಅವರು ಇರಲ್ಲ," ಎಂದರು ಮೇಡಂ.

ಅಧಿಕಾರಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ರಂಗಲಕ್ಷ್ಮಿಗೆ ತಡೆಯಲಾಗದೆ ಹೋದದ್ದು. ಬೈದಾಡಲು ಒಬ್ಬ ಸಿಕ್ಕಿದ್ದರೆ ಆಗುತ್ತಿತ್ತು. ಅವಳು ಮುಂದೆ ಹೋಗಿ, "ಇದೆಲ್ಲ ಮಾಡಿದ್ದು ನಾನು ಸಾಮಿ. ನನ್ನ ಹಿಡಕೊಂಡು ಹೋಗಿ. ಅವರನ್ನ ಬಿಡಿ," ಎಂದಳು.

ಅಧಿಕಾರಿ ಮೇಡಂ ಕಡೆ ನೋಡಿದ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡನೋ ಏನೋ, ನೀರು ಕೊಡಿಸಿದ.

ಡೇರೆಯಲ್ಲಿ ಜುಂಜಣ್ಣ ಎರಡನೇ ದಿನ ಮಧ್ಯಾಹ್ನದವರೆಗೆ ಇದ್ದ. ಹೋಗುವ ಮೊದಲು ಹೆದ್ದಾರಿಯ ಕಡೆ ಮುಖ ಮಾಡಿ ಮಲಗಿಸಿಕೊಂಡ. ಆಚೆ ಲಾರಿಗಳು ದೂರದಲ್ಲೇ ತಿರುಗಿ ಬೇರೆ ದಾರಿ ಹಿಡಿಯುತ್ತಿದ್ದವು. ಶಬ್ದ ಮಾತ್ರ ಬರುತ್ತಿತ್ತು. "ಹತ್ತು ಚಕ್ರದ್ದು," ಎಂದ ಒಮ್ಮೆ. ಅದೇ ಕೊನೆಯ ಮಾತು.

ಗೆರೆಯ ಒಳಗೇ ರಕ್ತ ತೊಳೆಯುವ ಒಂದು ಯಂತ್ರ ತರಿಸುತ್ತೇನೆ ಎಂದು ಮೇಡಂ ಓಡಾಡಿದ್ದು ಸುಳ್ಳಾಗಲಿಲ್ಲ. ಯಂತ್ರ ಬಂತು, ಜುಂಜಣ್ಣನ ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ದಿನ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಶಾಲೆಯ ಪಡಸಾಲೆಯಲ್ಲಿ ಇಟ್ಟರು.

ಆಮೇಲೆ ಬಿಳಿ ಬಟ್ಟೆ ತೊಟ್ಟವರು ಬಂದರು. ಟೈರು, ಟ್ಯೂಬು, ಚಪ್ಪಲಿ ಹುಡುಕಲು ಬಂದವರಲ್ಲ. ಕಡ್ಡಿಯನ್ನು ಕೊಲ್ಲಬೇಕಾದರೆ ಮಣಿಯನ್ನು ಕೊಲ್ಲಬೇಕು ಎಂದು ಬೆಂಗಳೂರಿನಲ್ಲಿ ತೀರ್ಮಾನವಾಗಿತ್ತು. ಮನೆಮನೆಗೆ ನುಗ್ಗಿ ಮೊಸರಿನ ಗಡಿಗೆ, ಮಜ್ಜಿಗೆ ಚರಿಗೆ, ಅಂಬಲಿ ಮಡಕೆ, ದೋಸೆ ಹಿಟ್ಟು ಎಲ್ಲವನ್ನೂ ಹೊರಗೆ ತಂದರು. ಕಡಗೋಲನ್ನೂ ಬಿಡಲಿಲ್ಲ. ಬೀದಿಯ ಕೊನೆಯಲ್ಲಿ ಗುಂಡಿ ತೋಡಿ ಸುರಿದು ಸುಣ್ಣ ಹಾಕಿದರು, ಮಡಕೆಗಳನ್ನು ಸುಟ್ಟರು. ಅತ್ತೆ ಸೊಸೆಗೆ ಕೊಟ್ಟ ಹೆಪ್ಪು, ಸೊಸೆ ನೆರೆಮನೆಗೆ ಕೊಟ್ಟ ಹೆಪ್ಪು, ಎಷ್ಟು ತಲೆಮಾರಿನದೆಂದು ಯಾರಿಗೂ ಗೊತ್ತಿಲ್ಲದ ಹುಳಿ, ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಇನ್ನು ಎರಡು ವರ್ಷ ಗೆರೆಯ ಒಳಗೆ ಮೊಸರು ಮಾಡುವಂತಿಲ್ಲ ಎಂದು ಕಾಗದ ಅಂಟಿಸಿ ಹೋದರು.

ಮೆಹರ್ ಮೇಡಂ ಹೇಳಿಕೆ ಕೊಡುವಾಗ ಯಾರ ಹೆಸರನ್ನೂ ಹೇಳಲಿಲ್ಲವಂತೆ. ಅವರನ್ನು ಎಲ್ಲಿಗೋ ಕರೆದೊಯ್ದರು. ಫ್ಯಾಕ್ಟರಿಗೆ ಬೀಗ ಬಿತ್ತು. ಗೋಮಾಳದ ಕರಿ ಅಂಟು ಬಿಸಿಲಿಗೆ ತೊಗಲಿನಂತೆ ಬಿಗಿದು ಅಲ್ಲಲ್ಲಿ ಗುಳಿಬಿದ್ದಿತ್ತು. ಮೊದಲ ಮಳೆಗೆ ಆ ಗುಳಿಗಳಲ್ಲಿ ನೀರು ನಿಂತಿತು, ಒಂದು ವಾರದಲ್ಲಿ ಅದರ ಮೇಲೆ ಸಣ್ಣ ಹುಳ ಆಡತೊಡಗಿದವು.

ಆ ವಾರವೇ ಒಂದು ಮಧ್ಯಾಹ್ನ ರಂಗಲಕ್ಷ್ಮಿ ಹಾಲು ಕಾಸಿ ಆರಲು ಇಟ್ಟಿದ್ದಳು. ಇಡುವುದು ಅಭ್ಯಾಸ. ಸಂಜೆಗೆ ಒಡೆದರೆ ಚೆಲ್ಲುವುದು. ಬಾಗಿಲಲ್ಲಿ ನೆರಳಾಯಿತು. ಬೋರಮ್ಮ ನಿಂತಿದ್ದಳು. ಹಣೆ ಬೋಳು, ಕೈಯಲ್ಲಿ ಅದೇ ಬಟ್ಟಲು. ಡೇರೆಯಿಂದ ಬಂದ ಮೇಲೆ ಅವಳು ಈ ಹೊಸಿಲಿಗೆ ಬಂದಿರಲಿಲ್ಲ.

"ರಂಗೀ, ಹೆಪ್ಪು ಐತೇನೆ?"

ಮರೆತು ಬಂದಿದ್ದಾಳೋ ಎಂದು ರಂಗಲಕ್ಷ್ಮಿ ಅವಳ ಮುಖ ನೋಡಿದಳು. ಮರೆತ ಮುಖವಲ್ಲ. ಗಡಿಗೆ ಇರುತ್ತಿದ್ದ ಮೂಲೆಯ ಕಡೆಗೆ ತನ್ನ ಕೈ ತಾನೇ ಹೊರಟು ನಡುವೆ ನಿಂತದ್ದು ಅವಳಿಗೇ ಕಂಡಿತು.

"ಇಲ್ಲ ಕಣಕ್ಕ," ಎಂದಳು.

ಬೋರಮ್ಮ ಬೈಯುತ್ತಾಳೆ ಎಂದು ರಂಗಲಕ್ಷ್ಮಿ ಕಾದಳು. ಬೈದರೆ ಬದುಕಬಹುದು ಎಂದೂ ಅನ್ನಿಸಿತು.

"ಸರಿ. ಪಕ್ಕದ ಮನೇಲಿ ಕೇಳ್ತೀನಿ," ಎಂದು ಬೋರಮ್ಮ ಇಳಿದುಹೋದಳು.

ಪಕ್ಕದ ಮನೆಯ ಬಾಗಿಲಲ್ಲಿ ಅವಳ ದನಿ ಕೇಳಿಸಿತು, ಹಿಂದೆಯೇ ಒಳಗಿನಿಂದ ಒಂದು ಸಣ್ಣ ಉತ್ತರ. ಆಮೇಲೆ ಅದರಾಚೆಯ ಮನೆ. ಅದರಾಚೆಯದು. ಬರಿಗಾಲಿನ ನಡಿಗೆಗೆ ಶಬ್ದವಿರಲಿಲ್ಲ, ಕೇಳಿಸುತ್ತಿದ್ದುದು ಆ ಪ್ರಶ್ನೆ, ಆ ಉತ್ತರ, ಎರಡೇ. ಬೀದಿಯಲ್ಲಿ ಇಪ್ಪತ್ತೆರಡು ಮನೆ. ರಂಗಲಕ್ಷ್ಮಿ ಹಾಲಿನ ಪಾತ್ರೆಯ ಮುಂದೆ ಕೂತು ಕೊನೆಯ ಮನೆಯ ತನಕ ಕೇಳಿಸಿಕೊಂಡಳು.